ಹಳೇ ಹಳ್ಳಿಗಳ ನಡುಭಾಗ ಉಳಿಸಲು ಸರ್ಕಾರಗಳು ನಿಜವಾಗಿಯೂ ದುಡ್ಡು ಕೊಡುತ್ತವೆಯೇ?

ಕೊಡುತ್ತವೆ. ಇಟಲಿಯದ್ದು ದೊಡ್ಡ ಉದಾಹರಣೆ. ಅಲ್ಲಿ ಹಳೇ ಊರಿನ ಕಲ್ಲುಮನೆಗಳ ಗುಂಪಿಗೆ ‘ಬೋರ್ಗೊ’ ಅನ್ನುತ್ತಾರೆ. ಕೋವಿಡ್ ನಂತರ ಯುರೋಪಿಯನ್ ಒಕ್ಕೂಟದಿಂದ ಬಂದ ಚೇತರಿಕೆ ಹಣದಲ್ಲಿ ಇವುಗಳಿಗೆಂದೇ 100 ಕೋಟಿ ಯೂರೋ ತೆಗೆದಿಟ್ಟರು. ನೋಡಿಕೊಳ್ಳುವುದು ಸಂಸ್ಕೃತಿ ಸಚಿವಾಲಯ.

ಹಣ ಎರಡು ದಾರಿಯಲ್ಲಿ ಹೋಗುತ್ತದೆ. ಒಂದರಲ್ಲಿ, ಪ್ರತಿ ಪ್ರಾಂತ್ಯಕ್ಕೆ ಒಂದರಂತೆ 21 ಊರುಗಳನ್ನು ಆರಿಸಿ ತಲಾ 2 ಕೋಟಿ ಯೂರೋ ಕೊಟ್ಟರು. ಉಳಿದ 58 ಕೋಟಿ ಇನ್ನೂರಕ್ಕೂ ಜಾಸ್ತಿ ಸಣ್ಣ ಊರುಗಳಿಗೆ. ಅದರಲ್ಲಿ 20 ಕೋಟಿ ಅಲ್ಲಿ ಅಂಗಡಿ, ಕಸುಬು ನಡೆಸುವವರಿಗೆ. ಈ ಕೊನೆಯ ಭಾಗವೇ ನನಗೆ ತುಂಬ ಮುಖ್ಯ ಅನಿಸುತ್ತದೆ. ಸುಮ್ನೆ ಗೋಡೆ ರಿಪೇರಿ ಮಾಡಿದರೆ ಜನ ವಾಪಸ್ ಬರುವುದಿಲ್ಲ, ಅಲ್ವಾ? ಹೊಟ್ಟೆಪಾಡಿಗೆ ದಾರಿ ಬೇಕು.

ಆಯ್ಕೆಯಾದ ಊರುಗಳಲ್ಲಿ ದಕ್ಷಿಣದ ಅಕ್ಕಾಡಿಯಾ ಒಂದು. ಅದರ ರಿಯೋನೆ ಫೊಸ್ಸಿ ಅನ್ನುವ ಹಳೇ ಕೇರಿ 1930ರ ಭೂಕಂಪದಲ್ಲಿ ಹಾಳಾಯಿತು. ನಿಧಾನವಾಗಿ ಜನ ಪೂರ್ತಿ ಬಿಟ್ಟು ಹೋದರು. ಕಿರಿದಾದ ಕಲ್ಲುಹಾಸಿನ ಓಣಿ, ಸೂರಿಲ್ಲದ ಮನೆಗಳು, ಇಷ್ಟೇ ಉಳಿದಿತ್ತು. ಅಂಥ ಕಡೆಗೂ ಹಣ ತಲುಪುತ್ತಿರುವುದು ಖುಷಿಯ ವಿಷಯ.

ಆದರೆ ಒಂದು ತಕರಾರು ನ್ಯಾಯವಾದದ್ದೇ. ಪಿಯೆಮೋಂಟೆ ಪ್ರಾಂತ್ಯದ ಎಲ್ವಾದಲ್ಲಿ ನೂರು ಜನರೂ ಇಲ್ಲ. ಅದಕ್ಕೂ ಅದೇ 2 ಕೋಟಿ. ಅಕ್ಕಪಕ್ಕದ ಹತ್ತಾರು ಊರಿಗೆ ಹಂಚಬಹುದಿತ್ತು ಎಂದು ಅನೇಕರು ಕೇಳಿದರು. ನನ್ನ ಅಭಿಪ್ರಾಯವೂ ಅದೇ. ಎಲ್ವಾ ಇರುವ ಇಡೀ ಕಣಿವೆಗೆ ಬಸ್ಸು, ಶಾಲೆ, ಡಾಕ್ಟರು ಇಲ್ಲದೆ ಒಂದೇ ಊರು ಬದುಕುವುದು ಕಷ್ಟ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 2020ರಲ್ಲಿ ಶುರುವಾದ ‘ನಾಳಿನ ಪುಟ್ಟ ಪಟ್ಟಣಗಳು’ ಯೋಜನೆಯಲ್ಲಿ ಸುಮಾರು 1,600 ಊರುಗಳಿವೆ. ಅಲ್ಲಿ ಹಣದ ಜೊತೆ ಯೋಜನೆ ನಡೆಸಿಕೊಡುವ ಒಬ್ಬ ಅಧಿಕಾರಿಯ ಸಂಬಳಕ್ಕೂ ನೆರವು ಸಿಗುತ್ತದೆ.