ಅಫೋರ್ಡ್ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವೇನು? ಬಳಸುವುದು ಹೇಗೆ?

ಖರ್ಚನ್ನೋ ಸಮಯವನ್ನೋ ಭರಿಸುವ ಶಕ್ತಿ ಇರುವುದೇ ಅಫೋರ್ಡ್. ಈ ಅರ್ಥದಲ್ಲಿ ಸಾಮಾನ್ಯವಾಗಿ ಅದರ ಹಿಂದೆ ಕ್ಯಾನ್, ಕುಡ್ ಅಥವಾ ಏಬಲ್ ಟು ಇರುತ್ತದೆ. ‘ಐ ಅಫೋರ್ಡ್ ಎ ಕಾರ್’ ತಪ್ಪು, ‘ಐ ಕ್ಯಾನ್ ಅಫೋರ್ಡ್ ಎ ಕಾರ್’ ಸರಿ. ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ನಡುವೆ ಟು ಬೇಕು: ‘ವಿ ಕಾಂಟ್ ಅಫೋರ್ಡ್ ಟು ಬೈ ಇಟ್’. ಇಲ್ಲಿ ‘ಬೈಯಿಂಗ್’ ಅಂದರೆ ವಾಕ್ಯ ಕೆಟ್ಟಿತು.

ದುಡ್ಡಿನ ಮಾತೇ ಇಲ್ಲದ ಕಡೆಯೂ ಇದು ಬರುತ್ತದೆ, ಕಲಿಯುವವರು ಗೊಂದಲಪಡುವುದು ಅಲ್ಲೇ. ‘ಐ ಕಾಂಟ್ ಅಫೋರ್ಡ್ ಟು ಬಿ ಲೇಟ್’ ಎಂದರೆ, ತಡವಾದರೆ ನನಗೇ ತೊಂದರೆ, ತಡ ಮಾಡುವ ಹಾಗೇ ಇಲ್ಲ ಎಂದು. ‘ದ ರೂಮ್ ಅಫೋರ್ಡ್ಸ್ ಎ ಗುಡ್ ವ್ಯೂ’ ಎಂಬಲ್ಲಿ ಮಾತ್ರ ‘ಒದಗಿಸು’ ಎಂಬ ಅರ್ಥ, ಕ್ಯಾನ್ ಬೇಕಿಲ್ಲ. ಅದು ಬರಹದ ಶೈಲಿ, ಮಾತಿನಲ್ಲಿ ಬಳಸಿದರೆ ಸ್ವಲ್ಪ ಬಿಗುಮಾನವಾಗಿ ಕೇಳುತ್ತದೆ.