ತೂಕ ಬರದಿದ್ದರೆ ಫರ್ಮ್‌ವೇರ್ ಏನು ಮಾಡೀತು?

ಮಳೆ ಹಿಡಿಯಿತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ: ಹೊಸ ಫರ್ಮ್‌ವೇರ್ (ಸಾಧನದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಹಾಕಬೇಕಾ? ಸೀರಿಯಲ್ ಪೋರ್ಟ್ ಅಂದರೇನು ಎಂಬಲ್ಲಿಂದ ಶುರು ಮಾಡುವಷ್ಟು ತಾಳ್ಮೆ ಈ ಸಲ ಇಲ್ಲ. ನೇರ ಪ್ರಶ್ನೆಗೇ ಬರುತ್ತೇನೆ.

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಮೀನಿನ ವ್ಯವಹಾರ. ಕಾಟಾದ ತೂಕ ಸೀರಿಯಲ್-ಈಥರ್ನೆಟ್ ಕನ್ವರ್ಟರ್ (ಕಾಟಾದ ಸೀರಿಯಲ್ ತಂತಿಯನ್ನು ನೆಟ್‌ವರ್ಕ್‌ಗೆ ಸೇರಿಸುವ ಡಬ್ಬಿ) ಮೂಲಕ ಕಂಪ್ಯೂಟರ್‌ಗೆ ಬರುತ್ತಿತ್ತು. ಈಗ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ರಿಪೇರಿಯವರು ಫರ್ಮ್‌ವೇರ್ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾರೆ. ಹಾಕಲೇ?

ಬೇಡ. ಆ ಫೈಲನ್ನು ಮೊದಲು ಅಳಿಸಿ.

ನಿನ್ನೆವರೆಗೆ ಸರಿಯಾಗಿದ್ದ ಫರ್ಮ್‌ವೇರ್ ಇವತ್ತು ತಾನಾಗಿಯೇ ಕೆಡುವುದು ತೀರಾ ಅಪರೂಪ. ಒಂಬತ್ತು ಪಿನ್ನಿನ ಕನೆಕ್ಟರ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಂಡರೆ ಕಳ್ಳ ಸಿಕ್ಕ. ಉಪ್ಪುಗಾಳಿ, ಮೀನಿನ ನೀರು ಎರಡೂ ಇರುವಲ್ಲಿ ಬೇರೇನು ಆಗುತ್ತದೆ? ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿ, ಇಲ್ಲವೇ ಕನೆಕ್ಟರ್ ಬದಲಿಸಿ. ಅದೂ ಸರಿ ಇದ್ದರೆ ಕಾಟಾದ ಕೇಬಲ್ ತೆಗೆದು, ಕನ್ವರ್ಟರ್‌ನ ಆರ್‌ಎಸ್-232 (ಸೀರಿಯಲ್) ಪೋರ್ಟಿನ 2 ಮತ್ತು 3ನೇ ಪಿನ್ ಜೋಡಿಸಿ, ಕಂಪ್ಯೂಟರ್‌ನ ಟರ್ಮಿನಲ್ ಪ್ರೋಗ್ರಾಂನಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದೇ ವಾಪಸ್ ಬಂದರೆ ಕನ್ವರ್ಟರ್ ಚೆನ್ನಾಗಿದೆ, ತಪ್ಪು ಕೇಬಲ್‌ನದ್ದು ಅಥವಾ ಕಾಟಾದ್ದು. ತೂಕದ ಬದಲು ಅಡ್ಡಾದಿಡ್ಡಿ ಅಕ್ಷರ ಬಂದರೆ ಬಾಡ್ ರೇಟ್ (ಕಳಿಸುವ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಗುರುತು) ಎರಡೂ ಕಡೆ ಒಂದೇ ಇದೆಯಾ ನೋಡಿ. ಈ ಐದು ನಿಮಿಷದ ಕೆಲಸ ಬಿಟ್ಟು ಸುಮ್ನೆ ಫರ್ಮ್‌ವೇರ್ ಬದಲಿಸಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹಾಗಾದರೆ ಅಪ್‌ಡೇಟ್ ಯಾವಾಗ? ಕಂಪನಿಯ ಟಿಪ್ಪಣಿಯಲ್ಲಿ ನಿಮ್ಮ ತೊಂದರೆಯೇ ಬರೆದಿದ್ದಾಗ, ಇಲ್ಲವೇ ಭದ್ರತೆಯ ದೋಷ ಮುಚ್ಚಿದ್ದಾಗ. ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿದ್ಯುತ್ ಜಾಲಕ್ಕೆ ನುಗ್ಗಿದವರು ಸಬ್‌ಸ್ಟೇಷನ್‌ಗಳ ಇಂಥದೇ ಸೀರಿಯಲ್-ಈಥರ್ನೆಟ್ ಕನ್ವರ್ಟರ್‌ಗಳಿಗೆ ಹಾಳು ಫರ್ಮ್‌ವೇರ್ ತುಂಬಿ ಹೋದರು. ದೂರದಿಂದ ಸ್ವಿಚ್ ಹಾಕುವ ದಾರಿಯೇ ಮುಚ್ಚಿತು. ನಿಮ್ಮ ಕನ್ವರ್ಟರ್‌ನಲ್ಲಿ ಇನ್ನೂ ಕಂಪನಿ ಕೊಟ್ಟ ಪಾಸ್‌ವರ್ಡೇ ಇದೆ, ಅಲ್ವಾ?

ಹಾಕಲೇಬೇಕಾದರೆ ಫೈಲ್ ಕಂಪನಿಯ ಸೈಟಿನಿಂದಲೇ ಇಳಿಸಿ. ಮಾಡೆಲ್ ಒಂದೇ ಆದರೆ ಸಾಲದು, ಲೇಬಲ್ ಮೇಲಿನ ಹಾರ್ಡ್‌ವೇರ್ ವರ್ಷನ್ ಕೂಡ ತಾಳೆಯಾಗಬೇಕು. ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಕೊಟ್ಟಿದ್ದರೆ ಹೋಲಿಸಿ. ಸೆಟ್ಟಿಂಗ್ ಪುಟಗಳ ಫೋಟೋ ಹೊಡೆದಿಡಿ, ಅಪ್‌ಡೇಟ್ ಆದಮೇಲೆ ಎಲ್ಲ ಅಳಿಸಿ ಕಂಪನಿಯ ಮೂಲ ಸೆಟ್ಟಿಂಗ್‌ಗೆ ಮರಳುವುದುಂಟು. ವೈಫೈ ಬೇಡ, ತಂತಿಯೇ ಇರಲಿ.

ಇನ್ನು ಕರೆಂಟು. ಅಪ್‌ಡೇಟ್ ನಡುವೆ ಅದು ಹೋದರೆ ಸಾಧನ ಮತ್ತೆ ಏಳದೇ ಹೋಗಬಹುದು. ಕೆಲವು ಸಾಧನಗಳಿಗೆ ಸೀರಿಯಲ್ ಕೇಬಲ್‌ನಲ್ಲೇ ಫೈಲ್ ಕಳಿಸಬೇಕು. 9600 ಬಾಡ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್. 512 ಕೆಬಿ ಫೈಲಿಗೆ ಒಂಬತ್ತು ನಿಮಿಷದ ಮೇಲೆ ಬೇಕು. ಜುಲೈನ ಗಾಳಿಮಳೆಯಲ್ಲಿ ಒಂಬತ್ತು ನಿಮಿಷ ಕರೆಂಟ್ ಇರುತ್ತದೆಂದು ನಾನಂತೂ ನಂಬುವುದಿಲ್ಲ. ಕಂಪ್ಯೂಟರ್, ಕನ್ವರ್ಟರ್ ಎರಡೂ ಯುಪಿಎಸ್ ಮೇಲಿರಲಿ. ಸಾಧನ ಒಪ್ಪಿದರೆ 115200 ಇಡಿ, ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಲೈಟ್ ಮಿನುಗುತ್ತಿರುವಾಗ ‘ಹ್ಯಾಂಗ್ ಆಯ್ತು’ ಎಂದು ಪ್ಲಗ್ ಕೀಳಬೇಡಿ.

ಪ್ರಶ್ನೆ: ಯುಎಸ್‌ಬಿ-ಸೀರಿಯಲ್ ಕೇಬಲ್ ವಿಂಡೋಸ್ 11ರಲ್ಲಿ ‘ಕೋಡ್ 10’ ಎನ್ನುತ್ತದೆ. ಇದರ ಫರ್ಮ್‌ವೇರ್ ಎಲ್ಲಿ ಸಿಗುತ್ತದೆ? (ಶಿರಸಿ)

ಎಲ್ಲೂ ಇಲ್ಲ. ನಿಮಗೆ ಬೇಕಿರುವುದು ಡ್ರೈವರ್, ಅಂದರೆ ಕೇಬಲ್ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ತಂತ್ರಾಂಶ. ಚಿಪ್ ಹಳೆಯದಾದರೆ ಅಥವಾ ನಕಲಿಯಾದರೆ ಹೊಸ ಡ್ರೈವರ್ ಅದನ್ನು ಒಪ್ಪದಿರಬಹುದು. 2014ರಲ್ಲಿ ಇಂಥ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತ್ತು. ಒಳ್ಳೆ ಕೇಬಲ್ ಕೊಳ್ಳಿ.

ಪ್ರಶ್ನೆ: ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡಿದರೆ ಸಾಧನ ಜಾಸ್ತಿ ಬಾಳುತ್ತದಂತೆ? (ಕುಮಟಾ)

ಇಲ್ಲ.

ಪ್ರಶ್ನೆ: ಬೋಟಿನ ಹಳೆಯ ಜಿಪಿಎಸ್ ಜಾಗ ಸರಿ ತೋರಿಸುತ್ತದೆ, ತಾರೀಕು ಮಾತ್ರ ಇಪ್ಪತ್ತು ವರ್ಷ ಹಿಂದಿನದು. (ತದಡಿ)

ಇದು ನಿಜಕ್ಕೂ ಫರ್ಮ್‌ವೇರ್ ತೊಂದರೆ. ಜಿಪಿಎಸ್ ವಾರಗಳನ್ನು ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಅಂದರೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ಕೆಲವು ಹಳೆಯ ರಿಸೀವರ್‌ಗಳು ಆಮೇಲೆ ಹಾದಿ ತಪ್ಪಿದವು. ಕಂಪನಿ ಅಪ್‌ಡೇಟ್ ಕೊಟ್ಟಿದ್ದರೆ ಹಾಕಿ, ಬೋಟ್ ದಡದಲ್ಲಿರುವಾಗ. ಅದು ಮುಗಿಯುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಬೋಟ್ ನಡೆಸುವ ತಾಂಡೇಲರಿಗೆ ಹೇಳಿಡಿ. ಸ್ಟಾರ್ಟರ್ ಎಳೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಅಪ್‌ಡೇಟ್ ಅರ್ಧಕ್ಕೇ ನಿಂತೀತು.