ಆ ಕಿಕ್ ಬೇಕಿತ್ತಾ, ಅಕ್ಕಾ?

2024ರ ಡಿಸೆಂಬರ್ 15ರ ಭಾನುವಾರ ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಮ್ಮ ಮಿಶಿಗನ್‌ನ ಡೆಟ್ರಾಯಿಟ್ ಲಯನ್ಸ್ ತಂಡ ಬಫಲೋ ಬಿಲ್ಸ್ ಎದುರು 42–48ರಲ್ಲಿ ಸೋತಿತು. ಸತತ 11 ಗೆಲುವಿನ ಓಟ ಅಲ್ಲಿಗೆ ನಿಂತಿತು. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ಜಾಗವಿಲ್ಲ, ದಯವಿಟ್ಟು ಕಾಯಿರಿ.

ಪ್ರಶ್ನೆ: ಮಗ ಮಿಶಿಗನ್‌ನಲ್ಲಿದ್ದಾನೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ‘ಸೋತ್ವಿ ಅಮ್ಮ’ ಅಂದ. ದನಿ ಕೇಳಿ ನನ್ನ ಎದೆ ಧಸಕ್ ಅಂತು. ನೋಡಿದರೆ ಫುಟ್‌ಬಾಲ್! ಬಾಯಿ ಬಿಟ್ಟರೆ ‘ಫೋರ್ತ್ ಡೌನ್’ ಅಂತಾನೆ. ಏನದು? ಇಷ್ಟೊಂದು ಹಚ್ಚಿಕೊಳ್ಳೋದು ಸರಿಯಾ? — ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೊದಲು ಆಟದ ಲೆಕ್ಕ ಹೇಳಿಬಿಡುತ್ತೇನೆ ಅಮ್ಮ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಕ್ರಿಕೆಟ್ ಪಿಚ್ 22 ಗಜ ಅಲ್ವಾ, ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹೋದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ. ಮೂರು ಸಲ ನುಗ್ಗಿಯೂ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೇ ಸಲ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಡುತ್ತಾರೆ. ಗೋಲುಕಂಬ ಹತ್ತಿರವಿದ್ದರೆ ಅದರ ನಡುವೆ ಒದ್ದು ಮೂರು ಅಂಕ ತಗೊಳ್ಳುತ್ತಾರೆ. ಹಾಗೆ ಮಾಡದೆ ನಾಲ್ಕನೇ ಸಲವೂ ನುಗ್ಗಿದರೆ? ಸಿಕ್ಕರೆ ಸಿಕ್ಕಿತು, ತಪ್ಪಿದರೆ ಚೆಂಡು ಅಲ್ಲೇ ಎದುರಾಳಿಯ ಪಾಲು. ಲಯನ್ಸ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಹೀಗೆ ನುಗ್ಗಿಸುವುದಕ್ಕೇ ಹೆಸರಾದವರು. ನಿಮ್ಮ ಮಗನ ‘ಫೋರ್ತ್ ಡೌನ್’ ಇದೇ.

ಇನ್ನು ಹಚ್ಚಿಕೊಳ್ಳೋ ಮಾತು. ಈ ತಂಡ ಕೊನೆಯ ಸಲ ಚಾಂಪಿಯನ್ ಆದದ್ದು 1957ರಲ್ಲಿ. ಸೂಪರ್ ಬೌಲ್ ಅನ್ನೋ ಫೈನಲ್ ಶುರುವಾದ ಮೇಲೆ ಒಂದು ಸಲವೂ ಅಲ್ಲಿಗೆ ಹೋಗಿಲ್ಲ. 2008ರಲ್ಲಿ ಆಡಿದ್ದು 16, ಸೋತದ್ದೂ 16.

ನಾನು ಮಿಶಿಗನ್‌ಗೆ ಬಂದದ್ದು 1998ರಲ್ಲಿ. ನಮ್ಮ ಪಕ್ಕದ ಮನೆಯ ಅಜ್ಜ ಕಾರ್ ಕಾರ್ಖಾನೆಯಿಂದ ನಿವೃತ್ತರಾದವರು. 1957ರಲ್ಲಿ ಅವರಿಗೆ ಒಂಬತ್ತು ವರ್ಷವಂತೆ. ಅಪ್ಪನ ಪಕ್ಕ ಕೂತು ರೇಡಿಯೋದಲ್ಲಿ ಫೈನಲ್ ಕೇಳಿದ್ದು, ಕ್ಲೀವ್‌ಲ್ಯಾಂಡ್ ವಿರುದ್ಧ 59–14, ಅದನ್ನು ಈಗಲೂ ಹೇಳುತ್ತಾರೆ. 2008ರ ಆ ಚಳಿಗಾಲದಲ್ಲೂ ಪ್ರತಿ ಭಾನುವಾರ ಬಾಗಿಲ ಮುಂದಿನ ಹಿಮ ತೆಗೆದು, ನೀಲಿ ಉಣ್ಣೆ ಟೋಪಿ ಹಾಕಿಕೊಂಡು ಟಿವಿ ಮುಂದೆ ಕೂರುತ್ತಿದ್ದರು. ಈ ಜನವರಿಯಲ್ಲಿ ಲಯನ್ಸ್ ರ‍್ಯಾಮ್ಸ್ ತಂಡವನ್ನು 24–23ರಲ್ಲಿ ಸೋಲಿಸಿ, 32 ವರ್ಷಗಳ ನಂತರ ಒಂದು ಪ್ಲೇಆಫ್ (ಸೋತರೆ ಮನೆಗೆ ಅನ್ನೋ ಸುತ್ತಿನ) ಆಟ ಗೆದ್ದಿತು. ಅವತ್ತು ಆ ಅಜ್ಜ ಟೋಪಿ ತೆಗೆದು ಮುಖ ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಮಗ ಮನೆಯಿಂದ ದೂರವಿರುವ ಊರಲ್ಲಿ ಆ ಊರಿನ ಜನರ ಜೊತೆ ಕೂತು ಖುಷಿಪಡುತ್ತಿದ್ದಾನೆ, ಬೇಜಾರೂ ಮಾಡಿಕೊಳ್ಳುತ್ತಿದ್ದಾನೆ. ಸರಿಯಾಗೇ ಇದೆ ಅಮ್ಮ. ಇದೇ 22ಕ್ಕೆ ಶಿಕಾಗೋದಲ್ಲಿ ಆಟ ಇದೆ, ನಿಮಗೆ ರಾತ್ರಿ ಹನ್ನೊಂದೂವರೆಗೆ ಶುರು. ವಿಡಿಯೋ ಕಾಲ್ ಮಾಡಿ ಮಗನ ಜೊತೆ ಸ್ವಲ್ಪ ಹೊತ್ತು ನೋಡಿ. 26ನೇ ನಂಬರ್ ಹುಡುಗ, ಜಮೀರ್ ಗಿಬ್ಸ್, ಓಡುವಾಗ ಕಣ್ಣು ಮಿಟುಕಿಸಬೇಡಿ.

ಪ್ರಶ್ನೆ: ನಾನೂ ನಮ್ಮ ಭಾವನೂ ಒಟ್ಟಿಗೆ ಆಟ ನೋಡೋದು. ಬಿಲ್ಸ್ ಆಟದಲ್ಲಿ ಕೋಚ್ ಮಾಡಿಸಿದ ಆನ್‌ಸೈಡ್ ಕಿಕ್ ನಮ್ಮಿಬ್ಬರ ನಡುವೆ ಜಗಳ ಹಚ್ಚಿದೆ. ‘ಇದು ಬರೀ ಹುಂಬತನ, ಜನವರಿಯ ಪ್ಲೇಆಫ್ ಆಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರೂ ಇದರಿಂದಲೇ ಮುಳುಗಿದ್ವಿ’ ಅಂತ ಭಾವ. ‘ಆ ಧೈರ್ಯದಿಂದಲೇ 12 ಆಟ ಗೆದ್ದದ್ದು’ ಅಂತ ನಾನು. ಅಕ್ಕಾ, ಯಾರು ಸರಿ? — ಓದುಗರು, ಟ್ರಾಯ್, ಮಿಶಿಗನ್

ಉತ್ತರ: ಆ ಕಿಕ್ ತಪ್ಪು. ಆದರೆ ನಿಮ್ಮ ಭಾವ ಎರಡು ಬೇರೆ ಬೇರೆ ವಿಷಯವನ್ನು ಒಂದೇ ಗಂಟು ಕಟ್ಟುತ್ತಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ.

ಆ ಗಳಿಗೆ ನೆನಪು ಮಾಡಿಕೊಳ್ಳಿ. ನಾಲ್ಕನೇ ಕ್ವಾರ್ಟರ್ (ಆಟದ ಕೊನೆಯ ಕಾಲು ಭಾಗ), ಸ್ಕೋರ್ 28–38. ಇನ್ನೂ ಸುಮಾರು 12 ನಿಮಿಷ ಬಾಕಿ. ಆನ್‌ಸೈಡ್ ಕಿಕ್ ಅಂದರೆ ಅಂಕ ಗಳಿಸಿದ ಮೇಲೆ ಎದುರಾಳಿಗೆ ಒದ್ದು ಕೊಡಬೇಕಾದ ಚೆಂಡನ್ನು ದೂರಕ್ಕೆ ಒದೆಯದೆ ಹತ್ತಿರಕ್ಕೇ ಒದ್ದು, ಅದು 10 ಗಜ ದಾಟಿದ ಕೂಡಲೇ ನಾವೇ ಹಿಡಿಯಲು ನೋಡುವುದು. ಮೊದಲು ಇದನ್ನು ಎದುರಾಳಿಗೆ ಗೊತ್ತಾಗದ ಹಾಗೆ ಮಾಡಬಹುದಿತ್ತು. 2024ರ ಹೊಸ ನಿಯಮದಲ್ಲಿ ಹಿಂದೆ ಬಿದ್ದ ತಂಡ ಮಾತ್ರ, ನಾಲ್ಕನೇ ಕ್ವಾರ್ಟರ್‌ನಲ್ಲಿ ಮಾತ್ರ, ಅದೂ ರೆಫರಿ‌ಗೆ ಮೊದಲೇ ಹೇಳಿ ಮಾಡಬೇಕಿತ್ತು. ಎದುರಾಳಿ ಕೈಚಾಚಿ ಕಾಯುತ್ತಿರುತ್ತಾನೆ. ಬಿಲ್ಸ್‌ನ ಮ್ಯಾಕ್ ಹಾಲಿನ್ಸ್ ಹಾಗೇ ಕಾದು, ಚೆಂಡು ಹಿಡಿದು, ನಮ್ಮ 5 ಗಜದ ಗೆರೆವರೆಗೂ ಓಡಿಬಿಟ್ಟ. ಪಕ್ಕದ ಮನೆ ಅಜ್ಜ ಅವತ್ತು ನಮ್ಮ ಮನೆಯಲ್ಲೇ ಇದ್ದರು. ಚುರುಮುರಿ ಬಟ್ಟಲನ್ನು ಮೆಲ್ಲಗೆ ಕಾರ್ಪೆಟ್ ಮೇಲಿಟ್ಟು, ಕನ್ನಡಕ ತೆಗೆದು ಮಡಚಿದರು. ಒಂದು ಮಾತೂ ಆಡಲಿಲ್ಲ. ಬಿಲ್ಸ್ ಮುಂದಿನ ಏಳು ಅಂಕ ತಗೊಳ್ಳೋದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕೊನೆಗೆ ನಾವು ಸೋತದ್ದು ಆರು ಅಂಕದಿಂದ. ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಅವತ್ತು 494 ಗಜ ಎಸೆದು ಐದು ಟಚ್‌ಡೌನ್ ಕೊಟ್ಟಿದ್ದರು. ಅಂಥ ದಿನ 12 ನಿಮಿಷ ಬೇಕಾದಷ್ಟಾಯಿತು. ಸುಮ್ನೆ ದೂರಕ್ಕೆ ಒದ್ದು ಕಾಯಬಹುದಿತ್ತು. ಆಟ ಮುಗಿದ ಮೇಲೆ ಕ್ಯಾಂಪ್‌ಬೆಲ್ ಅವರೇ, ಈಗ ನೋಡಿದರೆ ಮಾಡಬಾರದಿತ್ತು ಅನ್ನುವ ಅರ್ಥದ ಮಾತಾಡಿದರು.

ಈಗ ಹತ್ತು ದಿನ ಹಿಂದಕ್ಕೆ ಹೋಗೋಣ. ಡಿಸೆಂಬರ್ 5, ಗುರುವಾರ, ಗ್ರೀನ್ ಬೇ ಪ್ಯಾಕರ್ಸ್ ಎದುರು 31–31. ಒಂದು ನಿಮಿಷವೂ ಉಳಿದಿಲ್ಲ. ನಾಲ್ಕನೇ ಡೌನ್, ಬೇಕಿರುವುದು ಒಂದೇ ಗಜ. ಗೋಲುಕಂಬ ಹತ್ತಿರದಲ್ಲೇ ಇದೆ, ಒದ್ದರೆ ಮೂರು ಅಂಕ. ಬೇರೆ ಯಾವ ಕೋಚ್ ಆದರೂ ಹೆಚ್ಚುಕಮ್ಮಿ ಒದೆಸುತ್ತಿದ್ದರು. ಕ್ಯಾಂಪ್‌ಬೆಲ್ ನುಗ್ಗಿಸಿದರು. ಚೆಂಡು ಕೊಡಲು ತಿರುಗಿದ ಗಾಫ್ ಕಾಲು ತೊಡರಿ ಎಡವಿದರು. ಬೀಳುತ್ತಾ ಬೀಳುತ್ತಲೇ ಕೈ ಚಾಚಿ ಚೆಂಡನ್ನು ಡೇವಿಡ್ ಮಾಂಟ್ಗೊಮೆರಿ ಹೊಟ್ಟೆಗೆ ಒತ್ತಿದರು. ಮಾಂಟ್ಗೊಮೆರಿ ಏಳು ಗಜ ನುಗ್ಗಿದರು. ಆಮೇಲೆ ಸಮಯ ಪೂರ್ತಿ ಇಳಿಸಿ, ಕೊನೆಯ ಗಳಿಗೆಯಲ್ಲಿ ಜೇಕ್ ಬೇಟ್ಸ್ 35 ಗಜದಿಂದ ಒದ್ದು ಗೆಲ್ಲಿಸಿದರು. (ಬೇಟ್ಸ್ ಈ ಕೆಲಸಕ್ಕೆ ಬರುವ ಮುಂಚೆ ಇಟ್ಟಿಗೆ ಮಾರುತ್ತಿದ್ದವರು. ಈ ಸೀಸನ್‌ನಲ್ಲಿ ಅವರ ಕಾಲಿಂದ ಗೆದ್ದ ಆಟಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.)

ಎರಡಕ್ಕೂ ವ್ಯತ್ಯಾಸ ಏನು ಗೊತ್ತಾ? ಎದುರಾಳಿಯನ್ನು ತಡೆಯುವ ನಮ್ಮ ಡಿಫೆನ್ಸ್ ಆಸ್ಪತ್ರೆ ವಾರ್ಡ್ ಆಗಿದೆ. ಏಡನ್ ಹಚಿನ್ಸನ್ ಅಕ್ಟೋಬರ್ 13ರಂದು ಡಲ್ಲಾಸ್‌ನಲ್ಲಿ ಕಾಲು ಮುರಿದುಕೊಂಡರು. ಐದೇ ಆಟದಲ್ಲಿ ಏಳೂವರೆ ಸ್ಯಾಕ್ (ಚೆಂಡು ಎಸೆಯುವ ಮುಂಚೆಯೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದ ಹುಡುಗ. ಈ ಭಾನುವಾರ ಅಲೀಮ್ ಮೆಕ್‌ನೀಲ್ ಮಂಡಿ ಹೋಯಿತು, ಖಲೀಲ್ ಡಾರ್ಸಿ ಕಾಲು ಮುರಿಯಿತು, ಕಾರ್ಲ್‌ಟನ್ ಡೇವಿಸ್ ದವಡೆ ಮುರಿಯಿತು. ಬಿಲ್ಸ್ ನಮ್ಮ ಮೇಲೆ ಗಳಿಸಿದ್ದು 559 ಗಜ. ಇಂಥ ಹೊತ್ತಲ್ಲಿ ಗ್ರೀನ್ ಬೇ ಎದುರು ನಾಲ್ಕನೇ ಡೌನ್‌ನಲ್ಲಿ ನುಗ್ಗಿದ್ದರಿಂದ ಆ ದಣಿದ ಹುಡುಗರು ಬೆಂಚಿನ ಮೇಲೇ ಉಳಿದರು. ಆನ್‌ಸೈಡ್ ಕಿಕ್ ತಪ್ಪಿದಾಗ ಅದೇ ಹುಡುಗರು ಬೆನ್ನಿಗೆ ಐದು ಗಜ ಜಾಗ ಇಟ್ಟುಕೊಂಡು ನಿಲ್ಲಬೇಕಾಯಿತು. ಒಂದು ಧೈರ್ಯ ಅವರನ್ನು ಕಾಪಾಡಿತು, ಇನ್ನೊಂದು ಅವರನ್ನೇ ಬೆಂಕಿಗೆ ತಳ್ಳಿತು. ನನ್ನ ತಕರಾರು ಇಷ್ಟೇ.

ಸ್ಯಾನ್ ಫ್ರಾನ್ಸಿಸ್ಕೋ ಮಾತು ಬಂತಲ್ಲ. ಹೌದು, ಅರ್ಧ ಆಟಕ್ಕೆ 24–7 ಮುಂದಿದ್ದು 31–34ರಲ್ಲಿ ಸೋತೆವು. ಎರಡು ಸಲ ನಾಲ್ಕನೇ ಡೌನ್‌ನಲ್ಲಿ ನುಗ್ಗಿ ತಪ್ಪಿತು. ಆ ರಾತ್ರಿ ನಾನೂ ನಿದ್ದೆ ಮಾಡಿಲ್ಲ. ಆದರೆ ಭಾವನಿಗೆ ಒಂದು ಮಾತು ಹೇಳಿ: ಕ್ಯಾಂಪ್‌ಬೆಲ್ 2021ರಲ್ಲಿ ಕೋಚ್ ಆದಾಗ ಆ ವರ್ಷ ಗೆದ್ದದ್ದು ಮೂರೇ ಆಟ. ಮರುವರ್ಷ ಒಂಬತ್ತು, ಆಮೇಲೆ 12, ಈಗ ಮೂರು ಆಟ ಬಾಕಿ ಇರುವಾಗಲೇ 12. ಆ ಹುಡುಗರು ಅವರನ್ನು ನಂಬುವುದೇ ಅವರು ಹುಡುಗರನ್ನು ನಂಬಿ ‘ಹೋಗ್ರೋ’ ಅನ್ನುವುದಕ್ಕೆ. ಅದನ್ನು ಕಿತ್ತರೆ ತಂಡದಲ್ಲಿ ಏನೂ ಉಳಿಯಲ್ಲ. ನಾಲ್ಕನೇ ಡೌನ್‌ನಲ್ಲಿ ನುಗ್ಗಲಿ, ನಾನು ಎದ್ದು ನಿಂತು ಕೂಗುತ್ತೇನೆ. 12 ನಿಮಿಷ ಇರುವಾಗ ಆ ಕಿಕ್ ಮಾತ್ರ ಬೇಡ.

ಭಾನುವಾರ ಇಬ್ಬರೂ ಒಂದೇ ಸೋಫಾದಲ್ಲಿ ಕೂತು ನೋಡಿ. ಭಾವನಿಗೆ ಕಾಫಿ ನೀವೇ ಮಾಡಿಕೊಡಿ.

ಪ್ರಶ್ನೆ: ನಾವು ವೈಕಿಂಗ್ಸ್ ಕಡೆಯವರು. ಈಗ ನಾವೂ 12–2 (12 ಗೆಲುವು, 2 ಸೋಲು), ನೀವೂ 12–2. ಮೊದಲ ಸ್ಥಾನ ಯಾರಿಗೆ? — ಓದುಗರು, ಮಿನ್ನಿಯಾಪೊಲಿಸ್

ಉತ್ತರ: ಫಿಲಡೆಲ್ಫಿಯಾ ಈಗಲ್ಸ್ ಕೂಡ 12–2, ಅವರನ್ನು ಮರೆಯಬೇಡಿ. ಲೀಗ್‌ನ ಎರಡು ಗುಂಪುಗಳಲ್ಲಿ ಎನ್‌ಎಫ್‌ಸಿ ನಮ್ಮೆಲ್ಲರದ್ದು, ಇನ್ನೊಂದು ಎಎಫ್‌ಸಿ. ಎನ್‌ಎಫ್‌ಸಿಯಿಂದ ಏಳು ತಂಡ ಪ್ಲೇಆಫ್‌ಗೆ ಹೋಗುತ್ತವೆ, ಮೊದಲ ವಾರ ವಿಶ್ರಾಂತಿ ಸಿಗುವುದು ಒಂದಕ್ಕೆ ಮಾತ್ರ. ಇಷ್ಟು ಗಾಯಾಳುಗಳಿರುವ ನಮಗೆ ಆ ಒಂದು ವಾರ ಬಂಗಾರ. ಬಫಲೋ ಎಎಫ್‌ಸಿ ತಂಡ, ಹಾಗಾಗಿ ಆ ಸೋಲು ನಮ್ಮ ಎನ್‌ಎಫ್‌ಸಿ ಲೆಕ್ಕವನ್ನು ಕೆಡಿಸಿಲ್ಲ. ಉಳಿದ ಮೂರೂ ಗೆದ್ದರೆ ಮೊದಲ ಸ್ಥಾನ ನಮ್ಮದೇ. ಶಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ, ಕೊನೆಯದು ನಿಮ್ಮ ಜೊತೆ, ನಮ್ಮ ಫೋರ್ಡ್ ಫೀಲ್ಡ್‌ನಲ್ಲಿ. ಅಕ್ಟೋಬರ್‌ನಲ್ಲಿ ನಿಮ್ಮೂರಲ್ಲೇ 31–29ರಲ್ಲಿ ಗೆದ್ದಿದ್ದೆವು, ಅದೂ ಬೇಟ್ಸ್ ಕಾಲಿಂದ. ಈ ಸಲವೂ ಅಷ್ಟೇ ಹತ್ತಿರದ ಆಟ ಆಗುತ್ತೆ ಅಂತ ನನಗನಿಸುತ್ತೆ.

ಆ ಆಟಕ್ಕೆ ಬರುವುದಾದರೆ ಪತ್ರಿಕೆಗೆ ಒಂದು ಸಾಲು ಬರೆದು ಹಾಕಿ. ಊಟಕ್ಕೆ ನಮ್ಮ ಮನೆಗೇ ಬನ್ನಿ. ನೇರಳೆ ಜರ್ಸಿ ಹಾಕಿಕೊಂಡೇ ಬನ್ನಿ, ಅಜ್ಜನಿಗೆ ನಾನು ಹೇಳಿಟ್ಟಿರುತ್ತೇನೆ.